ಕೊನೇ ಸಂಬಳ, ಕಾರಿನ ಖರ್ಚು, ಫೋನ್ ಬಿಲ್ಲು: ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಕೊಡದಿದ್ದರೆ ಏನು ಮಾಡೋದು?

ಸ್ಯಾನ್ ಹೋಸೆಯ ಕನ್ಸಲ್ಟಿಂಗ್ ಕಂಪನಿಗೆ ರಾಜೀನಾಮೆ ಕೊಟ್ಟು ಐದು ವಾರ ಆದರೂ ಕೊನೇ ಸಂಬಳ ಬಂದಿಲ್ಲ, ಕ್ಲೈಂಟ್ ಕಡೆ ಓಡಾಡಿದ ಕಾರಿನ ಖರ್ಚು, ಫೋನ್ ಬಿಲ್ಲೂ ಬಂದಿಲ್ಲ, ಕೇಳಿದ್ರೆ ‘45 ದಿನಕ್ಕೆ ಫುಲ್ ಅಂಡ್ ಫೈನಲ್’ ಅಂತಾರೆ ಅಂದಿದ್ದೀರಿ. ಅದು ಬೆಂಗಳೂರಿನ ರೂಢಿ, ಕ್ಯಾಲಿಫೋರ್ನಿಯಾದಲ್ಲಿ ನಡೆಯಲ್ಲ.

ಮೊದಲು ಸಂಬಳವನ್ನೂ ಖರ್ಚನ್ನೂ ಬೇರೆ ಬೇರೆ ಲೆಕ್ಕ ಹಾಕಿ. ನೋಟಿಸ್ ಕೊಡದೆ ಬಿಟ್ಟಿದ್ರೆ 72 ಗಂಟೆಯೊಳಗೆ, 72 ಗಂಟೆ ಮೊದಲೇ ತಿಳಿಸಿದ್ರೆ ಕೊನೇ ದಿನವೇ ಪೂರ್ತಿ ಸಂಬಳ ಕೊಡಬೇಕು. ಉಳಿದ ವೆಕೇಶನ್ ದಿನಗಳ ದುಡ್ಡೂ ಸೇರಿ. ಬೇಕಂತಲೇ ತಡ ಮಾಡಿದ್ರೆ, ಕ್ಯಾಲಿಫೋರ್ನಿಯಾದ ಲೇಬರ್ ಕೋಡ್ (ಕಾರ್ಮಿಕ ಕಾನೂನು) ಸೆಕ್ಷನ್ 203ರ ಪ್ರಕಾರ ತಡವಾದ ಪ್ರತಿ ದಿನಕ್ಕೂ ಒಂದು ದಿನದ ಸಂಬಳ ದಂಡ, ಹೆಚ್ಚೆಂದರೆ 30 ದಿನ. ಶನಿವಾರ, ಭಾನುವಾರವೂ ಲೆಕ್ಕಕ್ಕೆ ಬರುತ್ತೆ. ವರ್ಷಕ್ಕೆ 1,04,000 ಡಾಲರ್ ಇದ್ದವರಿಗೆ ದಿನಕ್ಕೆ 400. ಐದು ವಾರ ದಾಟಿದ್ರೆ 12,000. ‘ಎಷ್ಟು ಕೊಡಬೇಕು ಅನ್ನೋದರಲ್ಲೇ ನಿಜವಾದ ತಕರಾರಿತ್ತು’ ಅಂತ ಕಂಪನಿ ತೋರಿಸಿದ್ರೆ ಮಾತ್ರ ಈ ದಂಡ ತಪ್ಪುತ್ತೆ.

ಖರ್ಚಿಗೆ ಈ ದಂಡ ಇಲ್ಲ, ಯಾಕಂದ್ರೆ ಅದು ಸಂಬಳವಲ್ಲ. ಬಹಳ ಜನ ಎರಡನ್ನೂ ಒಟ್ಟು ಮಾಡಿ ಬರೆದು ಇಲ್ಲೇ ಎಡವೋದು. ಖರ್ಚು ಬರೋದು ಅದೇ ಕೋಡಿನ ಸೆಕ್ಷನ್ 2802ರಲ್ಲಿ. ಅನ್‌ಲಿಮಿಟೆಡ್ ಪ್ಲಾನ್ ಆಗಿದ್ರೂ, ಕೆಲಸಕ್ಕೆ ಸ್ವಂತ ಫೋನ್ ಬಳಸಲೇಬೇಕಿದ್ರೆ ಬಿಲ್ಲಿನ ನ್ಯಾಯವಾದ ಪಾಲು ಕಂಪನಿಯದ್ದು. ಕ್ಯಾಲಿಫೋರ್ನಿಯಾ ಅಪೀಲು ಕೋರ್ಟಿನ 2014ರ ಕೊಕ್ರನ್ ತೀರ್ಪು ಹೇಳಿದ್ದು ಇದನ್ನೇ. ಕಾರಿಗೆ ಒಂದು ಶೀಟ್ ಮಾಡಿ, ಪ್ರತಿ ಓಡಾಟಕ್ಕೂ ಒಂದು ಸಾಲು: ‘ಮಾರ್ಚ್ 4, 2025, ಆಫೀಸಿನಿಂದ ಫ್ರೀಮಾಂಟ್ ಕ್ಲೈಂಟ್, ಹೋಗಿಬರೋದು 34 ಮೈಲಿ, 23.80 ಡಾಲರ್’. ಅದು ಆ ವರ್ಷದ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ದರ, ಮೈಲಿಗೆ 70 ಸೆಂಟ್. ಮನೆಯಿಂದ ಆಫೀಸಿಗೆ ಹೋಗೋದನ್ನ ಸೇರಿಸಬೇಡಿ. ಒಂದು ಸಾಲು ಸುಳ್ಳಾದ್ರೆ ಉಳಿದದ್ದನ್ನೂ ಅನುಮಾನದಿಂದ ನೋಡ್ತಾರೆ.

ಆಮೇಲೆ ಕಂಪನಿಗೆ ಇಮೇಲ್‌ನಲ್ಲಿ ಮೊತ್ತ ಬರೆದು ಕೇಳಿ, ಪೇ ಸ್ಟಬ್ (ಸಂಬಳದ ಚೀಟಿ) ಪ್ರತಿಗಳನ್ನೂ ಕೇಳಿ. ಅವನ್ನ 21 ದಿನದೊಳಗೆ ಕೊಡಬೇಕು, ಇಲ್ಲದಿದ್ರೆ 750 ಡಾಲರ್ ದಂಡ. ಉತ್ತರ ಬರದಿದ್ರೆ ಲೇಬರ್ ಕಮಿಷನರ್ ಕಚೇರಿಗೆ ಡಿಎಲ್‌ಎಸ್‌ಇ ಫಾರ್ಮ್ 1 (ಆ ಕಚೇರಿಯ ದೂರಿನ ಅರ್ಜಿ) ಸಲ್ಲಿಸಿ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಸಾಮಾನ್ಯವಾಗಿ ಮೊದಲು ರಾಜಿ ಸಭೆ, ಅಲ್ಲಿ ಬಗೆಹರಿಯದಿದ್ರೆ ವಿಚಾರಣೆ. ತೀರ್ಪಿನ ಮೇಲೆ ಕಂಪನಿ ಅಪೀಲು ಹೋಗೋದಾದ್ರೆ ಆ ಮೊತ್ತಕ್ಕೆ ಮೊದಲು ಬಾಂಡ್ ಇಡಬೇಕು. ಸಂಬಳ, ಖರ್ಚು ಎರಡಕ್ಕೂ ಮೂರು ವರ್ಷ ಕಾಲಾವಕಾಶ ಇದೆ. ಸೇರುವಾಗ ಆರ್ಬಿಟ್ರೇಷನ್ (ತಕರಾರನ್ನ ಖಾಸಗಿ ಮಧ್ಯಸ್ಥರ ಮುಂದೆ ತೀರಿಸಿಕೊಳ್ಳೋ) ಒಪ್ಪಂದಕ್ಕೆ ಸಹಿ ಹಾಕಿದ್ರೆ ಮಾತ್ರ ದಾರಿ ಬದಲಾಗಬಹುದು, ಆ ಕಾಗದ ಹುಡುಕಿ ಇಟ್ಕೊಳ್ಳಿ.

ಎಚ್‌-1ಬಿ ಅಂತ ಹೆದರಬೇಡಿ, ಕ್ಲೇಮಿಗೂ ವೀಸಾಕ್ಕೂ ಸಂಬಂಧ ಇಲ್ಲ. ಪ್ರಾಜೆಕ್ಟ್ ಇಲ್ಲ ಅಂತ ‘ಬೆಂಚ್’ ಮೇಲಿಟ್ಟು ಸಂಬಳ ಕೊಡದಿದ್ರೆ ಅದು ಅಮೆರಿಕದ ಕೇಂದ್ರ ಸರ್ಕಾರದ ವೇಜ್ ಅಂಡ್ ಅವರ್ ಡಿವಿಷನ್‌ಗೆ ಹೋಗೋ ದೂರು: ಡಬ್ಲ್ಯುಎಚ್‌-4 ಫಾರ್ಮ್, 12 ತಿಂಗಳೊಳಗೆ. ಸಂಬಳ ಬರೋವರೆಗೆ ‘ಈ ರಿಲೀಸ್ ಪತ್ರಕ್ಕೆ (ಕಂಪನಿ ಮೇಲಿನ ಹಕ್ಕು ಬಿಟ್ಟುಕೊಡೋ ಪತ್ರ) ಸಹಿ ಹಾಕಿದ್ರೆ ಸಂಬಳ ಬಿಡ್ತೀವಿ’ ಅಂದ್ರೆ ಸಹಿ ಹಾಕಬೇಡಿ. ಕೊಡಲೇಬೇಕಾದ ಸಂಬಳಕ್ಕೆ ಹಾಗೆ ಷರತ್ತು ಹಾಕೋದೇ ಸೆಕ್ಷನ್ 206.5ರ ಪ್ರಕಾರ ಅಪರಾಧ.