ಗ್ರೂಪಿನ ದುಡ್ಡಿಗೆ ನೀವೊಬ್ಬರೇ ಹೊಣೆಯಲ್ಲ

ಓದುಗರ ಪತ್ರ: ನಾನು ಶಿವಮೊಗ್ಗದ ನಿವೃತ್ತ ಹೈಸ್ಕೂಲ್ ಶಿಕ್ಷಕಿ. 2020ರ ಜನವರಿಯಲ್ಲಿ ಹಳೆಯ ಸಹೋದ್ಯೋಗಿಗಳು, ವಾಕಿಂಗ್ ಗೆಳೆಯರು ಎಲ್ಲ ಸೇರಿ ಸಿಂಗಪುರ ಪ್ರವಾಸಕ್ಕೆ ಹೋಗೋಣ ಎಂದು ನಿರ್ಧರಿಸಿದೆವು. ಮೇ 9ಕ್ಕೆ ವಿಮಾನ, ಆಮೇಲೆ ಮೂರು ರಾತ್ರಿಯ ಕ್ರೂಸ್. 17 ಜನರಿಂದ ತಲಾ 68 ಸಾವಿರ ರೂಪಾಯಿ ಸೇರಿಸಿ, ನನ್ನ ಖಾತೆಯಿಂದಲೇ ಬೆಂಗಳೂರಿನ ಟ್ರಾವೆಲ್ ಏಜೆನ್ಸಿಗೆ ಕಟ್ಟಿದೆ. ಗ್ರೂಪ್ ಕಟ್ಟಿದ್ದಕ್ಕೆ ನನ್ನ ಸೀಟು ಉಚಿತ ಎಂದು ಅವರೇ ಹೇಳಿದ್ದರು. ಕೊರೊನಾದಿಂದ ಎಲ್ಲ ರದ್ದಾಯಿತು. 2021ರಲ್ಲಿ ವಿಮಾನದ ಬಾಬ್ತು ಅಂತ ತಲಾ 24 ಸಾವಿರ ಬಂತು. ಉಳಿದ 44 ಸಾವಿರಕ್ಕೆ ನನ್ನ ಹೆಸರಿನಲ್ಲಿ ಕ್ರೆಡಿಟ್ ನೋಟ್ (ಹಣದ ಬದಲು, ಮುಂದಿನ ಪ್ರವಾಸಕ್ಕೆ ಬಳಸುವ ಚೀಟಿ) ಕೊಟ್ಟರು. ಅದರ ಅವಧಿಯನ್ನು ಎರಡು ಸಲ ಇಮೇಲ್ ಕಳಿಸಿ ಮುಂದೂಡಿದರು. 2024ರ ಡಿಸೆಂಬರ್‌ಗೆ ಅವಧಿ ಮುಗಿದಿದೆ, ಇನ್ನು ಏನೂ ಬರುವುದಿಲ್ಲ ಎಂದು 2025ರ ಫೆಬ್ರವರಿಯಲ್ಲಿ ಇಮೇಲ್ ಕಳಿಸಿದರು. ನಮ್ಮವರಲ್ಲಿ ಇಬ್ಬರು ಎರಡನೇ ಅಲೆಯಲ್ಲಿ ತೀರಿಕೊಂಡರು. ಇನ್ನಿಬ್ಬರು ಹೆದರಿ ಮಾರ್ಚ್ ಮೊದಲ ವಾರವೇ ಬರುವುದಿಲ್ಲ ಎಂದಿದ್ದರು. ಕೆಲವರು "ನಿಮಗೇನು, ನಿಮ್ಮದು ಫ್ರೀ ತಾನೆ" ಎನ್ನುತ್ತಾರೆ. ನನ್ನ ಪೆನ್ಶನ್ ಉಳಿತಾಯದಿಂದಲೇ ಎಲ್ಲರಿಗೂ ಕೊಟ್ಟು ಮುಗಿಸಿಬಿಡಲೇ? (ಹೆಸರು ಬೇಡ)

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಬೇಡ. ಖಂಡಿತ ಕೊಡಬೇಡಿ. 17 ಜನರ 44 ಸಾವಿರ ಎಂದರೆ 7,48,000 ರೂಪಾಯಿ. ಅದು ನೀವು ಮಾಡಿದ ಸಾಲವಲ್ಲ. ಅದರಲ್ಲಿ ಒಂದು ರೂಪಾಯಿಯೂ ನಿಮ್ಮ ಬಳಿ ಉಳಿದಿಲ್ಲ. ನಂಬಿದವರ ಕೆಲಸ ಮಾಡಿಕೊಟ್ಟಿದ್ದೀರಿ ಅಷ್ಟೇ. ನೀವು ಕೈಯಿಂದ ಕೊಟ್ಟುಬಿಟ್ಟರೆ ಆಗುವುದು ಒಂದೇ. ದುಡ್ಡು ಯಾರ ಹತ್ತಿರ ನಿಂತಿದೆಯೋ ಅವರು ಹಾಯಾಗಿ ಪಾರಾಗುತ್ತಾರೆ.

ಹಾಗಾದರೆ ದುಡ್ಡು ಎಲ್ಲಿ ನಿಂತಿದೆ? ನಿಮ್ಮ ಪತ್ರದಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ. ಬಹುಶಃ ನಿಮಗೂ ಯಾರೂ ಹೇಳಿಲ್ಲ. ಗ್ರೂಪ್ ಕ್ರೂಸ್ ಬುಕಿಂಗ್‌ನಲ್ಲಿ ದುಡ್ಡು ಒಂದೇ ಕೈಯಲ್ಲಿ ಇರುವುದಿಲ್ಲ. ನಿಮ್ಮಿಂದ ಏಜೆನ್ಸಿಗೆ ಹೋಗುತ್ತದೆ. ಏಜೆನ್ಸಿಯಿಂದ ಎಷ್ಟೋ ಸಲ ಹಡಗು ಕಂಪನಿಯ ಭಾರತದ ಮಾರಾಟ ಪ್ರತಿನಿಧಿಗೆ, ಅಲ್ಲಿಂದ ಹಡಗು ಕಂಪನಿಗೆ. ಮೊದಲು ಇಷ್ಟು ಕ್ಯಾಬಿನ್ ಹಿಡಿದಿಡಿ ಎಂದು ಮುಂಗಡ ಕಟ್ಟುತ್ತಾರೆ. ಹೆಸರಿನ ಪಟ್ಟಿ, ಪೂರ್ತಿ ಹಣ ಎಲ್ಲ ಹೊರಡುವ ದಿನ ಹತ್ತಿರ ಬಂದ ಮೇಲೆ. ನೀವು ಜನವರಿಯಲ್ಲೇ ಪೂರ್ತಿ ಕಟ್ಟಿದ್ದೀರಿ. ಮಾರ್ಚ್ ಮಧ್ಯದ ಹೊತ್ತಿಗೆ ಏಜೆನ್ಸಿ ಹಡಗಿನವರಿಗೆ ಎಷ್ಟು ಕಳಿಸಿತ್ತು? ಬರೀ ಮುಂಗಡವೋ, ಪೂರ್ತಿಯೋ? ಕಳಿಸಿದ್ದು ವಾಪಸ್ ಬಂತೋ? ಸಿಂಗಪುರದ ಹೋಟೆಲ್‌ಗೆ, ಬಸ್ಸಿಗೆ ಕಟ್ಟಿದ್ದು ಎಷ್ಟು? ಇದನ್ನು ಒಂದೊಂದಾಗಿ, ಬರವಣಿಗೆಯಲ್ಲಿ ಕೇಳಿ. ರಸೀದಿಗಳ ನಕಲು ಕೇಳಿ. ಟಿಕೆಟ್‌ಗಳ ಲೆಕ್ಕವನ್ನೂ ಬಿಡಬೇಡಿ. ಇನ್‌ವಾಯ್ಸ್‌ನಲ್ಲಿ ಹಾಕಿದ 5% ಜಿಎಸ್‌ಟಿ ಏನಾಯಿತು ಎಂದೂ ಕೇಳಿ. ಸೇವೆಯೇ ಸಿಗದಿದ್ದ ಮೇಲೆ ತೆರಿಗೆ ಯಾವುದಕ್ಕೆ? ಹಡಗೇ ಹೊರಡದಿದ್ದರೆ ಬಂದರು ಶುಲ್ಕದ ಮಾತೇ ಬರುವುದಿಲ್ಲ. ವೀಸಾ ಮಾಡಿಸಿದ್ದರೆ ಅದರ ಶುಲ್ಕ ಮಾತ್ರ ಹೋದ ಹಾಗೇ.

ಈಗ ವಿಮಾನದ 24 ಸಾವಿರ. ಇದು ಬಂದದ್ದು ಏಜೆನ್ಸಿಯ ದೊಡ್ಡ ಮನಸ್ಸಿನಿಂದಲ್ಲ. ಲಾಕ್‌ಡೌನ್‌ನಲ್ಲಿ ರದ್ದಾದ ವಿಮಾನ ಟಿಕೆಟ್‌ಗಳ ಬಗ್ಗೆ 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತ್ತು. ಮಾರ್ಚ್ 25ರಿಂದ ಮೇ 24ರ ನಡುವಿನ ಪ್ರಯಾಣಗಳಿಗೆ ಅನ್ವಯ. ನಿಮ್ಮ ಮೇ 9 ಅದರೊಳಗೇ ಬರುತ್ತದೆ. ಆ ಆದೇಶದಲ್ಲಿ ಎರಡು ಮಾತು ಗಮನಿಸಿ. ಏಜೆಂಟ್ ಮೂಲಕ ತೆಗೆದ ಟಿಕೆಟ್ಟಾದರೆ, ಏರ್‌ಲೈನ್ ವಾಪಸ್ ಕೊಟ್ಟ ಹಣವನ್ನು ಏಜೆಂಟ್ ತಕ್ಷಣ ಪ್ರಯಾಣಿಕರಿಗೆ ದಾಟಿಸಬೇಕು. ಇನ್ನೊಂದು, ಹಣಕಾಸಿನ ಕಷ್ಟದಲ್ಲಿರುವ ಏರ್‌ಲೈನ್ ಹಣದ ಬದಲು ಕ್ರೆಡಿಟ್ ಕೊಡಬಹುದಿತ್ತು. ಆದರೆ ಅದು 2021ರ ಮಾರ್ಚ್ 31ರವರೆಗೆ ಮಾತ್ರ. ಅಷ್ಟರೊಳಗೆ ಪ್ರಯಾಣಿಕ ಬಳಸದಿದ್ದರೆ ಹಣವನ್ನೇ ಕೊಡಬೇಕಿತ್ತು. ಅಂದರೆ ಕ್ರೆಡಿಟ್‌ನ ಅವಧಿ ಮುಗಿದಾಗ ಪ್ರಯಾಣಿಕನ ಹಣ ಮುಳುಗಲಿಲ್ಲ. ಅವಧಿ ಮುಗಿದ ದಿನ ಹಣ ಕೊಡುವ ಹೊಣೆ ಕಂಪನಿಗೆ ಬಂತು.

ಈ ಆದೇಶ ವಿಮಾನಕ್ಕೆ ಮಾತ್ರ, ಕ್ರೂಸ್‌ಗೆ ನೇರವಾಗಿ ಅನ್ವಯಿಸದು. ಕ್ರೂಸ್ ಪ್ಯಾಕೇಜ್‌ಗೆ ನಮ್ಮಲ್ಲಿ ಅಂಥ ಪ್ರತ್ಯೇಕ ನಿಯಮ ಇಲ್ಲ. ಯುರೋಪಿನಲ್ಲಿ ಇದೆ. ಅಲ್ಲಿ ಪ್ಯಾಕೇಜ್ ಟೂರ್ ರದ್ದಾದರೆ 14 ದಿನದಲ್ಲಿ ಹಣ ವಾಪಸ್ ಕೊಡಬೇಕು. 2020ರ ಮೇ ತಿಂಗಳಲ್ಲಿ ಕಂಪನಿಗಳು ಹಣದ ಬದಲು ವೋಚರ್ (ನಿಮ್ಮ ಕ್ರೆಡಿಟ್ ನೋಟ್‌ನಂಥದ್ದೇ) ಹಂಚಲು ಶುರು ಮಾಡಿದಾಗ, ವೋಚರ್ ತೆಗೆದುಕೊಳ್ಳುವುದು ಪ್ರಯಾಣಿಕರ ಇಷ್ಟ, ಬಲವಂತ ಮಾಡುವಂತಿಲ್ಲ ಎಂದು ಯುರೋಪಿಯನ್ ಕಮಿಷನ್ ಹೇಳಿತು. ಅಮೆರಿಕದಲ್ಲಿ ಹಲವು ಹಡಗು ಕಂಪನಿಗಳು "ನಗದು ಬೇಕೋ, ಮುಂದಿನ ಪ್ರವಾಸಕ್ಕೆ 125% ಕ್ರೆಡಿಟ್ ಬೇಕೋ" ಎಂದು ಕೇಳಿದವು. ಯಾಕೆ ಅಷ್ಟು ಜಾಸ್ತಿ? ಅವರಿಗೆ ಆಗ ನಗದು ಅಷ್ಟು ಬೇಕಾಗಿತ್ತು. ವೋಚರ್ ಎಂದರೆ ನೀವು ಕಂಪನಿಗೆ ಕೊಟ್ಟ ಬಡ್ಡಿಯಿಲ್ಲದ ಕೈಸಾಲ. ಕಂಪನಿ ಮುಳುಗಿದರೆ ಅದರ ಜೊತೆಗೆ ನಿಮ್ಮ ವೋಚರ್ರೂ ಮುಳುಗುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಮುಂಬೈನಿಂದ 'ಕರ್ಣಿಕಾ' ಹಡಗು ಓಡಿಸುತ್ತಿದ್ದ ಜಲೇಶ್ ಕ್ರೂಸಸ್ 2019ರಲ್ಲಿ ಶುರುವಾಗಿ 2020ರ ಅಕ್ಟೋಬರ್‌ನಲ್ಲೇ ಬಾಗಿಲು ಹಾಕಿತು. ಹಡಗು ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಹೋಯಿತು. ಸಿಂಗಪುರದಿಂದ ಡ್ರೀಮ್ ಕ್ರೂಸಸ್ ಓಡಿಸುತ್ತಿದ್ದ ಜೆಂಟಿಂಗ್ ಹಾಂಗ್‌ಕಾಂಗ್ 2022ರ ಜನವರಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ನಿಮ್ಮ ಬುಕಿಂಗ್ ಯಾವ ಹಡಗಿನದು ಎಂದು ನೀವು ಬರೆದಿಲ್ಲ. ಅದನ್ನು ಮೊದಲು ನೋಡಿಕೊಳ್ಳಿ. ಹಡಗು ಕಂಪನಿಯೇ ಮುಚ್ಚಿದ್ದರೂ ಎದೆಗುಂದಬೇಡಿ. ನಿಮಗೆ ಪ್ಯಾಕೇಜ್ ಮಾರಿದವರು, ಇನ್‌ವಾಯ್ಸ್ ಕೊಟ್ಟವರು, ಹಣ ತೆಗೆದುಕೊಂಡವರು ಬೆಂಗಳೂರಿನ ಏಜೆನ್ಸಿಯವರು. ನಿಮ್ಮ ದೂರು ಅವರ ಮೇಲೆ.

ಅವರು ಹೇಳಬಹುದಾದ ಮಾತು ನನಗೆ ಈಗಲೇ ಕೇಳಿಸುತ್ತಿದೆ. "ಇದು ದೇವರ ಆಟ, ನಮ್ಮ ತಪ್ಪೇನು?" ಸರಿ, ತಪ್ಪು ಅವರದಲ್ಲ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರಲ್ಲಿ 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಮಾರ್ಚ್ 13ಕ್ಕೆ ಸಿಂಗಪುರ ಎಲ್ಲ ಕ್ರೂಸ್ ಹಡಗುಗಳಿಗೂ ಬಂದರು ಮುಚ್ಚಿತು. ಏಜೆನ್ಸಿ ಏನು ಮಾಡಲು ಸಾಧ್ಯವಿತ್ತು? ಏನೂ ಇಲ್ಲ. ಆದರೆ ತಪ್ಪು ಯಾರದು ಎನ್ನುವುದು ಒಂದು ಪ್ರಶ್ನೆ, ಹಣ ಯಾರದು ಎನ್ನುವುದು ಬೇರೆಯೇ ಪ್ರಶ್ನೆ. 1872ರ ನಮ್ಮ ಕರಾರು ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ಮಾಡಲು ಸಾಧ್ಯವೇ ಇಲ್ಲದಂತಾದ ಕರಾರು ಬಿದ್ದುಹೋಗುತ್ತದೆ. 65ನೇ ಸೆಕ್ಷನ್ ಪ್ರಕಾರ, ಹಾಗೆ ಬಿದ್ದುಹೋದ ಕರಾರಿನಲ್ಲಿ ಒಬ್ಬರು ಪಡೆದುಕೊಂಡದ್ದನ್ನು ಇನ್ನೊಬ್ಬರಿಗೆ ಹಿಂದಿರುಗಿಸಬೇಕು. ಬುಕಿಂಗ್ ಫಾರ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅದರ ಎರಡೂ ಬದಿಯ ನಕಲು ಇಟ್ಟುಕೊಳ್ಳಿ.

ಮುಂಚೆಯೇ ಹಿಂದೆ ಸರಿದ ಇಬ್ಬರ ವಿಷಯ ಮಾತ್ರ ಸ್ವಲ್ಪ ಕಷ್ಟ. ಅವರು ಮಾರ್ಚ್ ಮೊದಲ ವಾರ ಬೇಡ ಎಂದರು. ಆಗ ಬಂದರು ಇನ್ನೂ ಮುಚ್ಚಿರಲಿಲ್ಲ. ಅದನ್ನು ಪ್ರಯಾಣಿಕರೇ ರದ್ದು ಮಾಡಿದ್ದು ಎಂದು ಏಜೆನ್ಸಿ ವಾದಿಸುತ್ತದೆ, ಕ್ಯಾನ್ಸಲೇಷನ್ ಚಾರ್ಜ್ ಹಿಡಿಯುತ್ತದೆ. ಅವರು ಏಜೆನ್ಸಿಗೆ ಬರೆದು ತಿಳಿಸಿದ್ದರೇ, ಅಥವಾ ನಿಮಗಷ್ಟೇ ಬಾಯಲ್ಲಿ ಹೇಳಿದ್ದರೇ? ಬಾಯಿಮಾತಾಗಿದ್ದು ಏಜೆನ್ಸಿಯ ಪಟ್ಟಿಯಲ್ಲಿ ಹೆಸರು ಹಾಗೇ ಉಳಿದಿದ್ದರೆ, ಅವರೂ ಉಳಿದವರಂತೆಯೇ ಕೇಳಬಹುದು. ಇಲ್ಲದಿದ್ದರೆ ಅವರಿಗೆ ಕಡಿಮೆ ಬರಬಹುದು ಎಂದು ಈಗಲೇ ಹೇಳಿಬಿಡಿ.

ಇನ್ನು ಆ ಫ್ರೀ ಸೀಟು. ನಿಮ್ಮ ಪತ್ರದಲ್ಲಿ ಹೆಚ್ಚು ನೋವಿರುವುದು ಅಲ್ಲೇ ಅನ್ನಿಸಿತು. ಇಷ್ಟು ಜನ ಸೇರಿಸಿದರೆ ಒಂದು ಸೀಟು ಉಚಿತ ಎನ್ನುವುದು ಪ್ರವಾಸದ ವ್ಯವಹಾರದಲ್ಲಿ ಎಲ್ಲ ಕಡೆ ಇರುವ ಪದ್ಧತಿ. ನಾಚಿಕೆ ಪಡುವಂಥದ್ದು ಅದರಲ್ಲಿ ಏನೂ ಇಲ್ಲ. ಪಾಸ್‌ಪೋರ್ಟ್ ನಕಲು ಸೇರಿಸುವುದು, ಒಬ್ಬೊಬ್ಬರಿಗೂ ಹತ್ತು ಸಲ ಫೋನ್ ಮಾಡುವುದು, ಯಾರಿಗೆ ಯಾರ ಜೊತೆ ಕ್ಯಾಬಿನ್ ಎಂದು ಹೊಂದಿಸುವುದು, ಇದೆಲ್ಲ ಕೆಲಸವೇ ಅಲ್ವಾ? ಆದರೆ ಕಾನೂನಿನ ದೃಷ್ಟಿಯಿಂದ ಆ ಸೀಟಿಗೆ ಒಂದು ಪರಿಣಾಮ ಇದೆ. ನೀವು ಹಣ ಕೊಟ್ಟಿಲ್ಲ. ನಿಮ್ಮೊಬ್ಬರ ಹೆಸರಲ್ಲೇ ದೂರು ಹಾಕಿದರೆ "ಇವರು ಕಳೆದುಕೊಂಡದ್ದೇನು?" ಎಂದು ಎದುರಿನವರು ಕೇಳುತ್ತಾರೆ. ಕ್ರೆಡಿಟ್ ನೋಟ್ ನಿಮ್ಮ ಹೆಸರಲ್ಲಿ ಇರುವುದರಿಂದ "ಉಳಿದವರು ನಮಗೆ ಗೊತ್ತೇ ಇಲ್ಲ" ಎಂದೂ ಹೇಳಬಹುದು.

ಎರಡಕ್ಕೂ ಉತ್ತರ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲೇ ಇದೆ. ಹಣ ಕೊಟ್ಟು ಸೇವೆ ಪಡೆದವರು ಗ್ರಾಹಕರು. ಅವರ ಒಪ್ಪಿಗೆಯಿಂದ ಆ ಸೇವೆಯ ಫಲ ಪಡೆಯುವವರೂ ಗ್ರಾಹಕರೇ. ಹಾಗಾಗಿ ಹಣ ನಿಮ್ಮ ಖಾತೆಯಿಂದ ಹೋಗಿದ್ದರೂ 17 ಜನರಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಹಕ್ಕಿದೆ. ಅವರಿಂದ ನಿಮಗೆ ಬಂದ ಹಣದ ಬ್ಯಾಂಕ್ ದಾಖಲೆ, ಏಜೆನ್ಸಿಗೆ ಕೊಟ್ಟ ಹೆಸರಿನ ಪಟ್ಟಿ, ಈ ಎರಡು ಸಿಕ್ಕರೆ ಸಾಕಷ್ಟು ಗಟ್ಟಿ. ತೀರಿಕೊಂಡ ಇಬ್ಬರ ಹಕ್ಕೂ ಅವರ ಜೊತೆ ಹೋಗಿಲ್ಲ. ಗ್ರಾಹಕರು ತೀರಿಕೊಂಡಿದ್ದರೆ ವಾರಸುದಾರರು ದೂರು ಕೊಡಬಹುದು ಎಂದು ಕಾಯ್ದೆಯಲ್ಲೇ ಬರೆದಿದೆ. ಅವರ ಮನೆಯವರಿಗೆ ಇದು ಗೊತ್ತಿರುವ ಸಾಧ್ಯತೆ ಕಡಿಮೆ. ಗೊತ್ತಿದ್ದರೂ ಅವರು ಬಾಯಿಬಿಟ್ಟು ಕೇಳಲಿಕ್ಕಿಲ್ಲ. ನೀವೇ ಹೋಗಿ ಹೇಳಿ. ಮರಣ ಪ್ರಮಾಣಪತ್ರದ ನಕಲು, ವಾರಸುದಾರರೆಂದು ತೋರಿಸುವ ವಂಶವೃಕ್ಷ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಲಿ.

ದೂರನ್ನು ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ಕೊಡಬಹುದು. ಬೆಂಗಳೂರಿಗೆ ಅಲೆಯಬೇಕಿಲ್ಲ. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ, ಹೊಸದರಲ್ಲಿ ದೂರುದಾರರು ಇರುವ ಊರಿನಲ್ಲೇ ದೂರು ಕೊಡಬಹುದು. ಒಬ್ಬೊಬ್ಬರೂ ಬೇರೆ ಬೇರೆ ದೂರು ಕೊಟ್ಟರೆ ಶುಲ್ಕವೇ ಇಲ್ಲ, ಏಕೆಂದರೆ ಕೊಟ್ಟ ಹಣ 5 ಲಕ್ಷದೊಳಗಿದೆ. ಎಲ್ಲರೂ ಸೇರಿ ಒಂದೇ ದೂರು ಕೊಟ್ಟರೆ 11,56,000 ರೂಪಾಯಿಯ ಲೆಕ್ಕದಲ್ಲಿ ಶುಲ್ಕ 400 ರೂಪಾಯಿ. ನನ್ನ ಸಲಹೆ ಸೇರಿ ಕೊಡುವುದು. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಂದು ವಸತಿ ಸಮುಚ್ಚಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಕೆಲವೇ ಗ್ರಾಹಕರು ತಮ್ಮ ತಮ್ಮ ಹೆಸರಿನಲ್ಲೇ ಜೊತೆಯಾಗಿ ದೂರು ಕೊಡುವುದಾದರೆ, ಇಡೀ ಗ್ರಾಹಕ ಸಮೂಹದ ಪರವಾಗಿ ದೂರು ಕೊಡುವವರಿಗೆ ಬೇಕಾದ ವಿಶೇಷ ಅನುಮತಿ ಇವರಿಗೆ ಬೇಕಿಲ್ಲ. ವಕೀಲರು ಇರಲೇಬೇಕು ಎಂದೂ ಇಲ್ಲ. ಆದರೆ ನಿಮ್ಮ ಪ್ರಕರಣದಲ್ಲಿ ಒಬ್ಬ ವಕೀಲರ ಹತ್ತಿರ ಕಾಗದ ತೋರಿಸುವುದು ಒಳ್ಳೆಯದು. ಕಾರಣ ದಿನಾಂಕ.

ದೂರಿಗೆ ಎರಡು ವರ್ಷದ ಗಡುವು ಇದೆ. ಎರಡು ವರ್ಷ ಯಾವ ದಿನದಿಂದ? ಏಜೆನ್ಸಿ 2020ರಿಂದ ಎನ್ನುತ್ತದೆ. ಕೊರೊನಾ ಕಾರಣಕ್ಕೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಸಮಯವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅದನ್ನು ಸೇರಿಸಿದರೂ 2024ರ ಫೆಬ್ರವರಿ ಕೊನೆಗೆ ಗಡುವು ಮುಗಿಯುತ್ತದೆ. ನಿಮ್ಮ ವಾದ ಬೇರೆಯಾಗಿರಬೇಕು. ಅವರೇ ಅವಧಿ ಮುಂದೂಡುತ್ತಾ ಬಂದರು, ಹಣ ನಿಮ್ಮದೇ ಎಂದು ಅಲ್ಲಿಯವರೆಗೂ ಒಪ್ಪಿಕೊಂಡಿದ್ದರು, ಕೊಡುವುದಿಲ್ಲ ಎಂದು ಹೇಳಿದ್ದು 2025ರ ಫೆಬ್ರವರಿಯಲ್ಲಿ. ಆ ದಿನದಿಂದ ಎಣಿಸಿದರೆ 2027ರ ಫೆಬ್ರವರಿವರೆಗೆ ಸಮಯ ಇದೆ. ಅವಧಿ ಮುಂದೂಡಿದ ಆ ಎರಡು ಇಮೇಲ್‌ಗಳು ನಿಮ್ಮ ಬಲವಾದ ದಾಖಲೆ. ಫೋನಿನಲ್ಲಿ ಮಾತ್ರ ಇದ್ದರೆ ಇವತ್ತೇ ಪ್ರಿಂಟ್ ತೆಗೆಸಿ. ಜೊತೆಗೆ, ತಡವಾಗಿದೆ ಎಂದು ಆಯೋಗ ಭಾವಿಸಿದರೆ ಮನ್ನಿಸಬೇಕು ಎಂಬ ಪ್ರತ್ಯೇಕ ಅರ್ಜಿಯನ್ನೂ ಹಾಕಿ. ಸರಿಯಾದ ಕಾರಣ ಇದ್ದರೆ ಮನ್ನಿಸುವ ಅಧಿಕಾರ ಆಯೋಗಕ್ಕೆ ಇದೆ. ಗೆಲುವು ಗ್ಯಾರಂಟಿ ಎಂದು ಹೇಳಲಾರೆ. ಆದರೆ ಹಳೆಯ ಕತೆ ಎಂದು ಕೈಬಿಡುವಂಥದ್ದೂ ಅಲ್ಲ. ಲಾಕ್‌ಡೌನ್ ಕಾಲದ ಬಾಕಿ ರೀಫಂಡ್ ಕೊಡಿ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಒಂದು ಆನ್‌ಲೈನ್ ಟ್ರಾವೆಲ್ ಕಂಪನಿಗೆ ಆದೇಶ ಮಾಡಿದ್ದು 2024ರ ಜೂನ್‌ನಲ್ಲಿ. ನಾಲ್ಕು ವರ್ಷ ಕಳೆದಿದ್ದರೂ ಆ ಹಣ ಪ್ರಯಾಣಿಕರದ್ದಾಗಿಯೇ ಉಳಿದಿತ್ತು.

ಆಯೋಗಕ್ಕೆ ಹೋಗುವ ಮುಂಚೆ 1915ಕ್ಕೆ ಒಂದು ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡಬಹುದು. ಅವರು ಏಜೆನ್ಸಿಯನ್ನು ಕೇಳುತ್ತಾರೆ. ಕೆಲವು ವಿಷಯ ಅಷ್ಟರಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಏಜೆನ್ಸಿಗೆ ಒಂದು ನೋಟಿಸ್, 15 ದಿನದ ಗಡುವು, ಆಮೇಲೆ ದೂರು. ಅವರು ನಡುವೆ ಇನ್ನೊಂದು ಕ್ರೆಡಿಟ್ ನೋಟ್ ಕೊಡುತ್ತೇವೆ ಎಂದರೆ ಎಲ್ಲರ ಪರವಾಗಿ ನೀವೊಬ್ಬರೇ ಒಪ್ಪಿಕೊಳ್ಳಬೇಡಿ. ಬೇಕು ಎನ್ನುವವರು ತಮ್ಮ ಪಾಲಿಗೆ ಮಾತ್ರ ತೆಗೆದುಕೊಳ್ಳಲಿ, ಅವರವರ ಹೆಸರಿನಲ್ಲಿ.

ಇದಕ್ಕೆಲ್ಲ 17 ಕುಟುಂಬಗಳ ಸಹಿ ಬೇಕು. ಹಾಗಾಗಿ ಎಲ್ಲರನ್ನೂ ಒಂದು ಸಂಜೆ ಕರೆಯಿರಿ. ನಿಮ್ಮ ಪಾಸ್‌ಬುಕ್ಕಿನ ಆ ಪುಟ, ಏಜೆನ್ಸಿಯ ರಸೀದಿ, ಬಂದ 24 ಸಾವಿರವನ್ನು ಯಾರಿಗೆ ಯಾವತ್ತು ಕೊಟ್ಟಿರಿ ಎಂಬ ಲೆಕ್ಕ, ಮೂರನ್ನೂ ಜೆರಾಕ್ಸ್ ಮಾಡಿಸಿ ಎಲ್ಲರ ಕೈಗೂ ಕೊಡಿ. ಫ್ರೀ ಸೀಟಿನ ವಿಷಯವನ್ನು ಅವರು ಎತ್ತುವ ಮುಂಚೆ ನೀವೇ ಹೇಳಿ. ನಿಮ್ಮ ಬಗ್ಗೆ ಮಾತಾಡಿದವರು ಕೆಟ್ಟವರೇನಲ್ಲ, ಅವರಿಗೆ ಲೆಕ್ಕ ಕಂಡಿಲ್ಲ ಅಷ್ಟೇ. ಏಜೆನ್ಸಿಗೆ ಬರೆಯುವ ಪತ್ರದ ಕರಡನ್ನು ಬೇಕಿದ್ದರೆ ನಮಗೆ ಕಳಿಸಿ, ಓದಿ ತಿದ್ದಿ ಕೊಡುತ್ತೇನೆ.