ರಾಕ್ ಕಾನ್ಸರ್ಟ್‌ಗಳಲ್ಲಿ ಬಿಳಿಯರೇ ಯಾಕೆ ಜಾಸ್ತಿ?

ಪ್ರಶ್ನೆ: ನನ್ನ ಮಗ ನ್ಯೂಜೆರ್ಸಿಯಲ್ಲಿ ಓದ್ತಿದ್ದಾನೆ. ಮೊನ್ನೆ ಸ್ಟೇಡಿಯಂನಲ್ಲಿ ದೊಡ್ಡ ರಾಕ್ ಕಾನ್ಸರ್ಟ್‌ಗೆ ಹೋಗಿದ್ದ, ಎಲ್ಲಿ ನೋಡಿದ್ರೂ ಬಿಳಿಯರೇ, ಕಪ್ಪು ಜನ ಬೆರಳೆಣಿಕೆ ಅಷ್ಟೇ ಅಂದ. ಅವರಿಗೆ ರಾಕ್ ಇಷ್ಟ ಆಗಲ್ವಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಹಾಗಲ್ಲ ಸರ್, ಈ ಸಂಗೀತ ಹುಟ್ಟಿದ್ದೇ ಕಪ್ಪು ಜನರಿಂದ. ಸಿಸ್ಟರ್ ರೊಸೆಟಾ ಥಾರ್ಪ್ ಭಕ್ತಿಗೀತೆಗೆ ಎಲೆಕ್ಟ್ರಿಕ್ ಗಿಟಾರ್ ನುಡಿಸ್ತಿದ್ದಾಗ ಅದನ್ನ ಯಾರೂ ರಾಕ್ ಅಂತಿರಲಿಲ್ಲ, ಆಮೇಲೆ ಚಕ್ ಬೆರಿ, ಲಿಟಲ್ ರಿಚರ್ಡ್ ಬಂದ್ರು. ಅವರನ್ನ ಕೇಳೋಕೆ ಬಿಳಿ ಹುಡುಗರೂ ಮುಗಿಬೀಳ್ತಿದ್ರು, ಆದ್ರೆ ಅಮೆರಿಕದ ದಕ್ಷಿಣದ ಎಷ್ಟೋ ಊರಲ್ಲಿ ಹಾಲ್ ನಡುವೆ ಹಗ್ಗ ಕಟ್ಟಿ ಬಿಳಿಯರು ಈ ಕಡೆ ಕಪ್ಪು ಜನ ಆ ಕಡೆ ಅಂತ ನಿಲ್ಲಿಸೋರು, ಇಲ್ಲಾಂದ್ರೆ ಒಂದು ಗುಂಪನ್ನ ಬಾಲ್ಕನಿಗೆ ಕಳಿಸೋರು. 1964ರ ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಬೀಟಲ್ಸ್‌ನೋರು, ಬಣ್ಣ ನೋಡಿ ಜನರನ್ನ ಬೇರೆ ಬೇರೆ ಕೂರಿಸಿದ್ರೆ ನಾವು ಹಾಡಲ್ಲ ಅಂತ ಪಟ್ಟು ಹಿಡಿಯಬೇಕಾಯ್ತು, ಅಷ್ಟೊತ್ತಿಗೆ ಇಂಥ ಭೇದ ನಿಷೇಧಿಸೋ ನಾಗರಿಕ ಹಕ್ಕುಗಳ ಕಾಯ್ದೆ ಬಂದು ಎರಡು ತಿಂಗಳಾಗಿತ್ತು ನೋಡಿ!

ಹಗ್ಗ ಬಿಚ್ಚಿದ ಮೇಲೆ ಅದೇ ಕೆಲಸವನ್ನ ರೇಡಿಯೋ ಮತ್ತು ರೆಕಾರ್ಡ್ ಕಂಪನಿಗಳು ಮಾಡಿದ್ವು. ರಾಕ್ ಒಂದು ಸ್ಟೇಷನ್‌ಗೆ, ಕಪ್ಪು ಜನರ ಸೋಲ್ ಸಂಗೀತ ಇನ್ನೊಂದಕ್ಕೆ. ಹಾಡು ಎಲ್ಲಿ ಬರುತ್ತೋ ಕಾನ್ಸರ್ಟ್ ಸುದ್ದಿನೂ ಅಲ್ಲೇ ಬರೋದು, ಹಾಗಾಗಿ ಟಿಕೆಟ್ ತಗೊಳ್ಳೋರೂ ಅವರೇ.

1969ರ ಬೇಸಿಗೆ ನೋಡಿದ್ರೆ ಇದು ಚೆನ್ನಾಗಿ ಗೊತ್ತಾಗುತ್ತೆ. ನ್ಯೂಯಾರ್ಕ್ ರಾಜ್ಯದಲ್ಲಿ ನಡೆದ ವುಡ್‌ಸ್ಟಾಕ್ ರಾಕ್ ಉತ್ಸವದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಬಿಳಿಯರು. ಅಲ್ಲಿಂದ ಕಾರಲ್ಲಿ ಎರಡು ಗಂಟೆ ದೂರದ, ನ್ಯೂಯಾರ್ಕ್ ನಗರದಲ್ಲಿ ಕಪ್ಪು ಜನ ಹೆಚ್ಚಿದ್ದ ಹಾರ್ಲೆಮ್ ಬಡಾವಣೆಯ ಪಾರ್ಕಿನಲ್ಲಿ ಅದೇ ಬೇಸಿಗೆ 6 ಭಾನುವಾರ ಕಾನ್ಸರ್ಟ್ ನಡೀತು, ಒಟ್ಟು ಸುಮಾರು 3 ಲಕ್ಷ ಜನ, ಬಹುತೇಕ ಕಪ್ಪು ಜನ. ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ಅನ್ನೋ ಬ್ಯಾಂಡ್‌ನೋರು ಎರಡೂ ಕಡೆ ಹಾಡಿದ್ರು, ಅವರ ಬ್ಯಾಂಡ್‌ನಲ್ಲೇ ಬಿಳಿಯರು ಕಪ್ಪಿನವರು ಗಂಡಸರು ಹೆಂಗಸರು ಎಲ್ಲ ಸೇರಿದ್ರು, ವೇದಿಕೆ ಮೇಲೆ ಆಗಿದ್ದು ಕೆಳಗೆ ಮೈದಾನದಲ್ಲಿ ಆಗಲಿಲ್ಲ. ಕಪ್ಪು ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಥೆ ನನಗೆ ಇನ್ನೂ ಸಂಕಟ ಕೊಡುತ್ತೆ. ವುಡ್‌ಸ್ಟಾಕ್ ಮುಗಿಸಿದ ಮುಂದಿನ ತಿಂಗಳೇ ಹಾರ್ಲೆಮ್‌ನ ಬೀದಿಯಲ್ಲಿ ಸಹಾಯಾರ್ಥ ಶೋ ಕೊಟ್ರು, ತಮ್ಮ ಜನರಿಗೇ ತಾವು ಅಪರಿಚಿತ ಆಗಿಬಿಟ್ಟಿದ್ರು ಆ ಮನುಷ್ಯ. ಇನ್ನು ಹಾರ್ಲೆಮ್ ಕಾನ್ಸರ್ಟ್‌ಗಳನ್ನ ಶೂಟ್ ಮಾಡಿದ್ದ ಟೇಪುಗಳು ಬಹುಪಾಲು ಹಾಗೇ ಬಿದ್ದಿದ್ವು, 2021ರಲ್ಲಿ ಸಾಕ್ಷ್ಯಚಿತ್ರವಾಗಿ ಜನರ ಮುಂದೆ ಬಂದ್ವು. ವುಡ್‌ಸ್ಟಾಕ್ ಸಿನಿಮಾ ಮಾತ್ರ ಮರುವರ್ಷವೇ ಥಿಯೇಟರ್‌ಗೆ ಬಂದಿತ್ತು.

ಈಗಲೂ ಎಲ್ಲ ಕಡೆ ಒಂದೇ ಥರ ಇಲ್ಲ. ಲಾಸ್ ಏಂಜಲೀಸ್‌ನಲ್ಲಿ ಮೆಟಲ್ (ರಾಕ್‌ನದೇ ಅಬ್ಬರದ ರೂಪ) ಶೋಗೆ ಹೋದ್ರೆ ಮೆಕ್ಸಿಕನ್ ಮೂಲದ ಹುಡುಗ ಹುಡುಗೀರು ತುಂಬಿರ್ತಾರೆ. ನ್ಯೂಯಾರ್ಕ್‌ನಲ್ಲಿ 1985ರಲ್ಲೇ ಕಪ್ಪು ಗಿಟಾರ್ ವಾದಕ ವರ್ನನ್ ರೀಡ್ ಮತ್ತು ಗೆಳೆಯರು ಬ್ಲ್ಯಾಕ್ ರಾಕ್ ಕೊಯಲಿಷನ್ ಕಟ್ಟಿದ್ರು, ರಾಕ್ ನಮ್ಮದೂ ಹೌದು ಅಂತ. 2005ರಲ್ಲಿ ನ್ಯೂಯಾರ್ಕ್‌ನದೇ ಭಾಗವಾದ ಬ್ರೂಕ್ಲಿನ್‌ನಲ್ಲಿ ಕಪ್ಪು ಜನರ ಪಂಕ್, ರಾಕ್ ಸಂಗೀತದ ಆಫ್ರೋಪಂಕ್ ಉತ್ಸವ ಶುರುವಾಯ್ತು, ನಿಮ್ಮ ಮಗ ಇರೋ ಕಡೆಯಿಂದ ಬ್ರೂಕ್ಲಿನ್ ಏನೂ ದೂರ ಅಲ್ಲ, ಅಲ್ಲಿನ ಸಣ್ಣ ಕ್ಲಬ್‌ಗಳಿಗೂ ಒಮ್ಮೆ ಹೋಗಿಬರೋಕೆ ಹೇಳಿ, ಸ್ಟೇಡಿಯಂನಲ್ಲಿ ಸಿಗದ ಜನ ಅಲ್ಲಿ ಸಿಗ್ತಾರೆ.