ಮಾದರಿ ರಾಕೆಟ್‌ನ ಪುಟ್ಟ ಪ್ಯಾರಾಚೂಟನ್ನು ಹಾರಾಟಕ್ಕೆ ಮೊದಲೇ ಪರೀಕ್ಷಿಸುವುದು ಹೇಗೆ?

ಮೊದಲು ಇಳಿಯುವ ವೇಗವನ್ನು ಲೆಕ್ಕ ಹಾಕಿ, ಆಮೇಲೆ ಬೀಳಿಸಿ ನೋಡಬೇಕು. 100 ಗ್ರಾಂ ತೂಕದ ರಾಕೆಟ್‌ಗೆ 45 ಸೆಂಟಿಮೀಟರ್ ವ್ಯಾಸದ ಪ್ಯಾರಾಚೂಟ್ ಕಟ್ಟಿ, ಗಾಳಿಯ ತಡೆಯ ಗುಣಾಂಕವನ್ನು (ಗಾಳಿ ಪ್ಯಾರಾಚೂಟನ್ನು ಎಷ್ಟರ ಮಟ್ಟಿಗೆ ತಡೆಯುತ್ತದೆ ಎಂದು ಸೂಚಿಸುವ ಸಂಖ್ಯೆ) 0.75 ಎಂದು ಹಿಡಿದರೆ, ವೇಗ ಸೆಕೆಂಡಿಗೆ ಸುಮಾರು 3.7 ಮೀಟರ್ ಬರುತ್ತದೆ. ಹಗುರವಾದ ಮಾದರಿಗೆ ಇದು ಒಳ್ಳೆಯ ವೇಗ.

ಪರೀಕ್ಷೆಗೆ ಪ್ಯಾರಾಚೂಟ್‌ಗೆ ಕಟ್ಟುವ ತೂಕವು ಇಂಧನ ಉರಿದು ಮುಗಿದ ಮೋಟರ್ ಸಮೇತ ರಾಕೆಟ್ ಎಷ್ಟು ತೂಗುತ್ತದೋ ಅಷ್ಟೇ ಇರಲಿ. ಗಾಳಿ ಬೀಸದ ಹೊತ್ತಿನಲ್ಲಿ ಎತ್ತರದಿಂದ ಬಿಟ್ಟು, ಪ್ಯಾರಾಚೂಟ್ ಪೂರ್ತಿ ಅರಳಿದ ನಂತರ ಗೋಡೆಯ ಮೇಲಿನ ಎರಡು ಗುರುತುಗಳನ್ನು ದಾಟಲು ತೆಗೆದುಕೊಳ್ಳುವ ಸಮಯವನ್ನು ವಿಡಿಯೊದಿಂದ ಅಳೆಯಬೇಕು. ಕೈಬಿಟ್ಟ ಕ್ಷಣದಿಂದಲೇ ಎಣಿಸಿದರೆ ಅರಳುವ ಮುನ್ನಿನ ಬೀಳುವಿಕೆಯೂ ಸೇರಿ ಲೆಕ್ಕ ಕೆಡುತ್ತದೆ. ಬಹಳ ತೂಗಾಡಿದರೆ ಪ್ಯಾರಾಚೂಟ್‌ನ ನಟ್ಟನಡುವೆ ಸಣ್ಣ ರಂಧ್ರ ಮಾಡಿ.

ಇದಕ್ಕಿಂತಲೂ ಮುಖ್ಯವಾದುದು, ನನ್ನ ದೃಷ್ಟಿಯಲ್ಲಿ, ಮಡಿಕೆಯ ಪರೀಕ್ಷೆ. ಬಿಡಿಸಿ ಹಿಡಿದು ಬಿಟ್ಟ ಪ್ಯಾರಾಚೂಟ್ ಅರಳಿತೆಂಬುದರಿಂದ ಹೆಚ್ಚೇನೂ ತಿಳಿಯುವುದಿಲ್ಲ; ಹಾರಾಟಕ್ಕೆ ಮಡಿಚುವಂತೆಯೇ ಮಡಿಚಿ, ರಾಕೆಟ್‌ನ ಕೊಳವೆಯೊಳಗೆ ಕೆಲವು ಗಂಟೆ ಇಟ್ಟು, ಹೊರತೆಗೆದ ಕೂಡಲೇ ಮೇಲಕ್ಕೆಸೆದು ನೋಡಬೇಕು. ತೆಳು ಪ್ಲಾಸ್ಟಿಕ್ ಹಾಳೆಯ ಪದರಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ, ವಿಶೇಷವಾಗಿ ಚಳಿಯಲ್ಲಿ, ಸ್ವಲ್ಪ ಟಾಲ್ಕಂ ಪುಡಿ ಸವರಿದರೆ ಬೇಗ ಬಿಚ್ಚಿಕೊಳ್ಳುತ್ತದೆ. ವೇಗದಲ್ಲಿ ಅರಳುವಾಗ ಬೀಳುವ ಎಳೆತ ಈ ಪರೀಕ್ಷೆಯಲ್ಲಿ ಕಾಣದು. ಆದ್ದರಿಂದ ಪ್ರತಿ ದಾರದ ಗಂಟನ್ನೂ ಕೈಯಿಂದ ಬಲವಾಗಿ ಜಗ್ಗಿ ನೋಡಿ.